ಕನ್ನಡಿ ಇಲ್ಲದ ಲೇಸರ್

ಲೇಸರ್ ಅಂದ್ರೆ ಎರಡು ಕನ್ನಡಿ ಬೇಕೇ ಬೇಕು ಅಂತ ಇಂಜಿನಿಯರಿಂಗ್‌ನಲ್ಲಿ ಉರು ಹೊಡೆದಿದ್ದೆ. ಅವಿಲ್ಲದೆಯೂ ಆದೀತು ಅಂತ ರಷ್ಯಾದ ಲೆಟೊಖೋವ್ 1960ರ ದಶಕದಲ್ಲೇ ಲೆಕ್ಕ ಹಾಕಿದ್ದರು. ಫೈಬರ್‌ನಲ್ಲಿ ಅದನ್ನು 2010ರಲ್ಲಿ ಮಾಡಿ ತೋರಿಸಿದ್ದು ತುರಿತ್ಸಿನ್, ಬಾಬಿನ್ ಮತ್ತವರ ತಂಡ. ಫೈಬರಿನ ಉದ್ದ 83 ಕಿ.ಮೀ. ನಮ್ಮ ಕಡೆ ಲೆಕ್ಕದಲ್ಲಿ ವಿಜಯಪುರದಿಂದ ಬಸವನ ಬಾಗೇವಾಡಿ ದಾಟಿ ಹೆಚ್ಚುಕಡಿಮೆ ಮುದ್ದೇಬಿಹಾಳ ಮುಟ್ಟುವಷ್ಟು!

ಗಾಜಿನೊಳಗೆ ಉದ್ದಕ್ಕೂ ಚೂರುಚೂರೇ ಬೆಳಕು ಚದುರಿ ಹಿಂದಕ್ಕೆ ಬರುತ್ತೆ. ಟೆಲಿಕಾಂನವರಿಗೆ ಅದು ಬರೀ ನಷ್ಟ, ಇಲ್ಲಿ ಅದೇ ಕನ್ನಡಿ. ಬೆಳಕನ್ನು ಬೆಳೆಸೋದು ನಮ್ಮ 1928ರ ರಾಮನ್ ಪರಿಣಾಮ. ರಾಮನ್ 1933ರಲ್ಲಿ ನಿರ್ದೇಶಕರಾಗಿ ಬಂದ ಬೆಂಗಳೂರಿನ ಐಐಎಸ್‌ಸಿಯಲ್ಲೇ ಈಗ ವಿ.ಆರ್. ಸುಪ್ರದೀಪ ಅವರ ತಂಡ ಇಂಥ ಲೇಸರ್‌ಗಳ ಮೇಲೆ ಕೆಲಸ ಮಾಡಿದೆ ಅನ್ನೋದು ನನಗಂತೂ ಖುಷಿ.

ತೊಡಕಿರೋದು ಒಂದೇ ಬಣ್ಣ, ಒಂದೇ ಧ್ರುವೀಕರಣ, ಜೊತೆಗೆ ಭಾರೀ ಶಕ್ತಿ ಬೇಕು ಅಂದಾಗ. ಬಣ್ಣದ ಪಟ್ಟಿ ಕಿರಿದಾದಷ್ಟೂ ಬೆಳಕು ಗಾಜಿನಲ್ಲಿ ಶಬ್ದದ ಅಲೆ ಎಬ್ಬಿಸಿ, ಅದಕ್ಕೇ ಬಡಿದು ವಾಪಸ್ ಬರುತ್ತೆ. ಪಟ್ಟಿ ಅಗಲ ಮಾಡಿದರೆ ಈ ಕಾಟ ಕಮ್ಮಿ, ಆದರೆ ಹಲವು ಲೇಸರ್‌ಗಳನ್ನು ಒಂದುಗೂಡಿಸಲು ಕಿರಿದಾದ್ದೇ ಬೇಕಲ್ಲ! ಅದಕ್ಕೆ ಚೀನಾದವರು ಕನ್ನಡಿ ಇಲ್ಲದ ಸಣ್ಣ ಲೇಸರನ್ನು ಬೀಜದಂತೆ ಬಿತ್ತಿ, ಇಟರ್ಬಿಯಂ ಫೈಬರ್‌ನಲ್ಲಿ ಬೆಳೆಸಿದರು. ಈ ಬೀಜದಲ್ಲಿ ಏರಿಳಿತ ಕಮ್ಮಿ, ಹಾಗಾಗಿ ಬೆಳೆಸುವಾಗ ಪಟ್ಟಿ ಅಷ್ಟಾಗಿ ಹಿಗ್ಗಲ್ಲ. 2017ರಲ್ಲಿ ಕಿಲೋವಾಟ್ ಮುಟ್ಟಿದರು.