ರೂವಾರಿ ಎಂಬ ಪದ ಮತ್ತು ಉಳಿ ಹಿಡಿದ ಕೈ

ನಮ್ಮ ಪತ್ರಿಕೆಗಳಲ್ಲಿ 'ರೂವಾರಿ' ಎಂಬ ಪದವನ್ನು ನೀವು ಆಗಾಗ ಓದಿರುತ್ತೀರಿ. ಯೋಜನೆಯ ರೂವಾರಿ, ಗೆಲುವಿನ ರೂವಾರಿ, ಒಪ್ಪಂದದ ರೂವಾರಿ ಎಂದು ಅದು ಬಳಕೆಯಾಗುತ್ತದೆ. ಆಲೋಚಿಸುವವನು, ಯೋಜಿಸುವವನು ಎಂದೇ ನಾವು ಅದಕ್ಕೆ ಅರ್ಥ ಮಾಡಿಕೊಳ್ಳುತ್ತೇವೆ. ಆದರೆ ಈ ಪದದ ಹುಟ್ಟು ಬೇರೆ. ರೂಪಕಾರಿಯೇ ರೂವಾರಿ, ಎಂದರೆ ಉಳಿ ಸುತ್ತಿಗೆ ಹಿಡಿದು ಕಲ್ಲಿಗೆ ರೂಪ ಕೊಡುವವನು. ಸೋಮನಾಥಪುರದ ದೇವಾಲಯದಲ್ಲಿ ಮಲ್ಲಿತಮ್ಮನೆಂಬ ರೂವಾರಿ ತಾನು ಕಡೆದ ವಿಗ್ರಹಗಳ ಪೀಠದಲ್ಲಿ ತನ್ನ ಹೆಸರನ್ನು ಕೆತ್ತಿದ್ದಾನೆ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜನೂ ಆತನ ಮಗ ಚಾವಣನೂ ಹಾಗೆಯೇ ಮಾಡಿದ್ದಾರೆ. ಯೋಚಿಸಿದವನೂ ಕೆತ್ತಿದವನೂ ಅಲ್ಲಿ ಒಬ್ಬನೇ, ಮತ್ತು ಅವನಿಗೆ ತನ್ನ ಹೆಸರನ್ನು ಬರೆಯಲು ಸಂಕೋಚವಿರಲಿಲ್ಲ.

ಪದವು ಕೈಯಿಂದ ತಲೆಗೆ ಏರಿದ ಈ ಕಥೆ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಮಾರ್ಕನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ನಜರೇತಿನ ಜನ ಯೇಸುವನ್ನು ಕುರಿತು "ಇವನು ಆ ಬಡಗಿಯಲ್ಲವೇ" ಎಂದು ಹಗುರವಾಗಿ ಕೇಳುತ್ತಾರೆ. ಅಲ್ಲಿರುವ ಗ್ರೀಕ್ ಪದ 'ಟೆಕ್ಟೋನ್'. ಅದೇ ಪದಕ್ಕೆ 'ಮುಖ್ಯ' ಎಂಬ ಅರ್ಥದ ಪೂರ್ವಪದ ಸೇರಿ 'ಆರ್ಕಿಟೆಕ್ಟ್' ಆಯಿತು. ವಾಸ್ತುಶಿಲ್ಪಿಯೆಂದರೆ ಮೂಲತಃ ಬಡಗಿಗಳ ಮೇಸ್ತ್ರಿ. ಗುರುಮಠದಲ್ಲಿ ಗ್ರೀಕ್ ಕಲಿಯುವಾಗ ಇದು ನನಗೆ ಬಹಳ ಸಂತೋಷ ಕೊಟ್ಟಿತ್ತು. ಆ ಸಂತೋಷದಿಂದ ನಾನು ಏನನ್ನೂ ಕಲಿತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಸುಮಾರು ಹದಿನೈದು ವರ್ಷಗಳ ಹಿಂದೆ, ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ, ನಮ್ಮ ಧರ್ಮಕೇಂದ್ರದ ಗಾರೆಕೆಲಸದವರೊಬ್ಬರು ಮಗನನ್ನು ಕರೆದುಕೊಂಡು ಬಂದರು. ಹುಡುಗ ಹಾಳಾದ ರೇಡಿಯೋ, ಫ್ಯಾನು, ಮಿಕ್ಸಿ ಎಲ್ಲವನ್ನೂ ಬಿಚ್ಚಿ ಕೂಡಿಸುವವನು. "ಇವನನ್ನು ಐಟಿಐಗೆ ಸೇರಿಸಲೇ ಫಾದರ್?" ಎಂದು ತಂದೆ ಕೇಳಿದರು. "ಬುದ್ಧಿವಂತ ಹುಡುಗ, ಐಟಿಐ ಏಕೆ? ಪಿಯುಸಿ ಓದಿಸಿ, ಎಂಜಿನಿಯರ್ ಮಾಡಿಸಿ" ಎಂದೆ. ನನ್ನ ಬಾಯಿಂದ ಆ ಮಾತು ಅಷ್ಟು ಸಲೀಸಾಗಿ ಹೇಗೆ ಬಂತು ಎಂದು ಹುಡುಕುತ್ತಾ ಹೋದಾಗ ಚರಿತ್ರೆಯ ಕೆಲವು ಪುಟಗಳನ್ನು ತಿರುವಬೇಕಾಯಿತು. ಅವುಗಳನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಎಂಜಿನಿಯರ್ ಎಂಬ ವೃತ್ತಿ ಇಂಗ್ಲೆಂಡಿನಲ್ಲಿ ಕೆಳಗಿನಿಂದ ಮೇಲಕ್ಕೆ ಬೆಳೆಯಿತು. 1818ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಸಿವಿಲ್ ಎಂಜಿನಿಯರುಗಳ ಸಂಸ್ಥೆಗೆ 1820ರಲ್ಲಿ ಮೊದಲ ಅಧ್ಯಕ್ಷರಾದ ಥಾಮಸ್ ಟೆಲ್‌ಫೋರ್ಡ್ ಕುರಿಗಾಹಿಯ ಮಗ, ಕಲ್ಲುಕುಟಿಗನ ಬಳಿ ಕೆಲಸ ಕಲಿತವರು. ರೈಲು ಎಂಜಿನ್ನಿನ ಹೆಸರಿನೊಂದಿಗೆ ಸೇರಿಹೋಗಿರುವ ಜಾರ್ಜ್ ಸ್ಟೀಫನ್‌ಸನ್ ಕಲ್ಲಿದ್ದಲು ಗಣಿಯ ಕೆಲಸದವರು. ಓದುಬರಹ ಕಲಿತದ್ದೇ ಸುಮಾರು ಹದಿನೆಂಟನೆಯ ವಯಸ್ಸಿನಲ್ಲಿ. ಜೇಮ್ಸ್ ವಾಟ್ ಅಳತೆಯ ಉಪಕರಣಗಳನ್ನು ತಯಾರಿಸುತ್ತಿದ್ದ ಕುಶಲಕರ್ಮಿ. ಇವರ ಕೈಗಳಲ್ಲಿ ಮೊದಲು ಎಣ್ಣೆ ಮೆತ್ತಿತು, ಬಿರುದು ಆಮೇಲೆ ಬಂತು.

ಭಾರತಕ್ಕೆ ಈ ವೃತ್ತಿ ಬಂದ ದಾರಿಯೇ ಬೇರೆ. ಗಂಗಾ ಕಾಲುವೆಯ ಕಾಮಗಾರಿ ನಡೆಯುತ್ತಿದ್ದಾಗ, ಅದಕ್ಕೆ ಬೇಕಾದ ಸಿಬ್ಬಂದಿಯನ್ನು ತಯಾರಿಸಲು 1847ರಲ್ಲಿ ರೂರ್ಕಿಯಲ್ಲಿ ಕಾಲೇಜು ಆರಂಭವಾಯಿತು. ಅಲ್ಲಿನ ಏರ್ಪಾಡನ್ನು ಗಮನಿಸಿ. ಎಂಜಿನಿಯರ್ ಹುದ್ದೆಗೆ ಒಂದು ವಿಭಾಗ. ಮೇಲ್ವಿಚಾರಕರಾಗಲು ಬಂದ ಐರೋಪ್ಯ ಸೈನಿಕರಿಗೆ ಇನ್ನೊಂದು. ದೇಶೀಯ ಭಾಷೆಯಲ್ಲಿ ಮೋಜಣಿ ಮುಂತಾದವನ್ನು ಕಲಿಯುವ ಭಾರತೀಯ ಯುವಕರಿಗೆ ಮೂರನೆಯದು. ಇಟ್ಟಿಗೆ ಸುಟ್ಟವನಿಗೆ, ಗಾರೆ ಅರೆದವನಿಗೆ, ಕಮಾನು ಕಟ್ಟಿದವನಿಗೆ ಈ ಮೂರರಲ್ಲಿಯೂ ಸ್ಥಾನವಿರಲಿಲ್ಲ. ಹೀಗೆ ನಮ್ಮಲ್ಲಿ ಎಂಜಿನಿಯರನು ಕಮ್ಮಟದಿಂದ ಎದ್ದುಬಂದವನಲ್ಲ, ಸರ್ಕಾರದ ಆದೇಶಪತ್ರದಿಂದ ಇಳಿದುಬಂದವನು. ಲೋಕೋಪಯೋಗಿ ಇಲಾಖೆಯ ಹುದ್ದೆ, ಸಂಬಳ, ವಸತಿ, ಸಲಾಮು ಇವೆಲ್ಲ ಅವನೊಂದಿಗೇ ಬಂದವು. ಕೈಕೆಲಸವನ್ನು ಜಾತಿಗೆ ಕಟ್ಟಿಹಾಕಿ, ಆ ಜಾತಿಯನ್ನು ಕೆಳಗೆ ಕೂರಿಸಿದ್ದ ಸಮಾಜಕ್ಕೆ ಇದು ಒಪ್ಪಿಗೆಯಾದದ್ದರಲ್ಲಿ ಆಶ್ಚರ್ಯವೇನು? ಪರದೇಶಿಯ ಏಣಿಯನ್ನು ನಮ್ಮ ಹಳೆಯ ಏಣಿಗೆ ಒರಗಿಸಿದಂತಾಯಿತು, ಅಷ್ಟೇ.

ನಮ್ಮ ಕರಾವಳಿಯಲ್ಲಿ ಇನ್ನೊಂದು ಬಗೆಯ ಪ್ರಯೋಗ ನಡೆಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಪ್ರೊಟೆಸ್ಟೆಂಟರು, ನಮ್ಮ ಸಭೆಯವರಲ್ಲ. ಆದರೂ ಅವರ ಶ್ರಮವನ್ನು ಸ್ಮರಿಸದೆ ಈ ವಿಷಯ ಪೂರ್ಣವಾಗದು. ಮತಾಂತರ ಹೊಂದಿದವರು ಜಾತಿಯೊಡನೆ ಕುಲಕಸುಬನ್ನೂ, ಒಡೆಯನ ಭೂಮಿಯನ್ನೂ ಕಳೆದುಕೊಂಡು ಬರಿಗೈಯಲ್ಲಿ ನಿಲ್ಲುತ್ತಿದ್ದರು. ಅವರಿಗೆ ಅನ್ನದ ದಾರಿ ತೋರಿಸಬೇಕಿತ್ತು. ಮೊದಮೊದಲು ಮಾಡಿದ ಕೆಲವು ಯತ್ನಗಳು ಕೈಹಿಡಿಯಲಿಲ್ಲ. ನೇಯ್ಗೆ ಹಿಡಿಯಿತು, 1851ರಲ್ಲಿ ಬಂದ ನೇಕಾರ ಹಾಲರ್ ಅವರ ಹೆಸರು ಖಾಕಿ ಬಣ್ಣದ ಬಟ್ಟೆಯೊಡನೆ ಸೇರಿಕೊಂಡಿದೆ. 1865ರಲ್ಲಿ ಪ್ಲೆಬ್ಸ್ಟ್ ಅವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ಜೇಡಿಮಣ್ಣು ಅಚ್ಚಿಗೆ ಬಿದ್ದು, ಬೆಂದು, ಕೆಂಪು ಹಂಚಾಗಿ ದೇಶವಿದೇಶಗಳ ಮನೆಗಳ ಮೇಲೆ ಕುಳಿತಿತು. ಕೆಲವೇ ವರ್ಷಗಳಲ್ಲಿ ಮಂಗಳೂರಿನ ಕಥೋಲಿಕ ಕುಟುಂಬಗಳೂ ಈ ಉದ್ಯಮಕ್ಕೆ ಇಳಿದವು.

ಇಲ್ಲಿ ಜಾತಿ ಬಿಟ್ಟು ಬಂದವರು ಅಕ್ಕಪಕ್ಕದಲ್ಲಿ ನಿಂತು ಒಂದೇ ಮಣ್ಣನ್ನು ತುಳಿದರು ಎಂಬುದು ಸಣ್ಣ ಸಂಗತಿಯಲ್ಲ. ಆದರೆ ಗೌರವ ಅವರಿಗೆ ಸಂಪೂರ್ಣವಾಗಿ ದೊರೆಯಿತೇ? ನಾನು ಹಾಗೆ ಹೇಳಲಾರೆ. ಒಂದೇ ಉದಾಹರಣೆ ಸಾಕು. ಕಿಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ, ಮಿಶನ್ನಿನ ಮುದ್ರಣಾಲಯದಲ್ಲಿ ಅಚ್ಚಾಯಿತು. ಕಿಟೆಲರಿಗೆ ಬೆಂಗಳೂರಿನಲ್ಲಿ ಪ್ರತಿಮೆಯಿದೆ, ಇರಲೇಬೇಕು. ಸುಮಾರು ಎಪ್ಪತ್ತು ಸಾವಿರ ಪದಗಳ ಆ ಗ್ರಂಥಕ್ಕೆ ಒತ್ತು, ದೀರ್ಘ, ಕೊಂಬುಗಳ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸಿದ ಕೈಗಳ ಹೆಸರು ನಿಮಗೆ ಗೊತ್ತೇ? ಮಲ್ಲಿತಮ್ಮನಿಗಿದ್ದ ಭಾಗ್ಯ ಅವರಿಗಿರಲಿಲ್ಲ.

ಸರ್ ಎಂ. ವಿಶ್ವೇಶ್ವರಯ್ಯನವರನ್ನು ನಾವು ಪ್ರತಿ ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನವಾಗಿ ಸ್ಮರಿಸುತ್ತೇವೆ. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದು ಅವರ ದಿವಾನಗಿರಿಯಲ್ಲಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸೇವೆಗೆ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಅವರು ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆಂದು ಬಿಟ್ಟುಕೊಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ಸಂಸ್ಥೆ ಹುಟ್ಟಿದ್ದು ಹಾಗೆ. ಭಾಷಣಗಳಲ್ಲಿ ಅಣೆಕಟ್ಟೆಯ ಮಾತು ಬರುತ್ತದೆ, ಈ ಮಾತು ವಿರಳ.

ಸ್ವಾತಂತ್ರ್ಯಾನಂತರ 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ಬಂತು, ಐಟಿಐಗಳು ತೆರೆದವು. 1961ರಲ್ಲಿ ಅಪ್ರೆಂಟಿಸ್ ಕಾಯಿದೆ. ಬೆಂಗಳೂರಿನ ಎಚ್‌ಎಂಟಿಯಂತಹ ಕಾರ್ಖಾನೆಗಳಲ್ಲಿ ಫಿಟ್ಟರ್, ಟರ್ನರ್ ಆಗಿದ್ದವರು ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು. ಕೂದಲೆಳೆಗಿಂತ ಸೂಕ್ಷ್ಮವಾದ ಅಳತೆಯನ್ನು ಬೆರಳಿನಲ್ಲೇ ಗುರುತಿಸಬಲ್ಲವರು ಅವರಲ್ಲಿದ್ದರು. ಆದರೂ ಮಕ್ಕಳು ಲೇಥಿನ ಹತ್ತಿರ ಬರಬಾರದೆಂಬುದೇ ಅವರ ಪ್ರಾರ್ಥನೆಯಾಗಿತ್ತು. ಅಂಥ ಅನೇಕ ಮನೆಗಳಿಗೆ ನಾನು ಹೋಗಿದ್ದೇನೆ. ಗೋಡೆಯ ಮೇಲೆ ಮಗನ ಪದವಿಪ್ರದಾನದ ಭಾವಚಿತ್ರವಿರುತ್ತದೆ. ತಂದೆಯ ಐಟಿಐ ಪ್ರಮಾಣಪತ್ರ ಟ್ರಂಕಿನಲ್ಲಿರುತ್ತದೆ. ಅವರನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದ ಮೇಲಂತೂ ಮನೆಮನೆಯಲ್ಲೂ ರ್ಯಾಂಕಿನ ಸಂಖ್ಯೆಯೇ ಮಗುವಿನ ಬೆಲೆಯಾಯಿತು.

ನಮ್ಮ ಆ ಹುಡುಗ ಬ್ಯಾಂಕಿನ ಸಾಲದಲ್ಲಿ ಎಂಜಿನಿಯರಿಂಗ್ ಸೇರಿದ. ಗಣಿತದ ಪತ್ರಿಕೆಗಳು ಉಳಿಯುತ್ತಾ ಹೋದವು. ಮೂರನೆಯ ವರ್ಷದಲ್ಲಿ ಬಿಟ್ಟ. ಸಾಲ ಬಿಡಲಿಲ್ಲ, ತಂದೆ ಅರವತ್ತು ದಾಟಿದ ಮೇಲೂ ಸಾರವೆ ಹತ್ತಿದರು. ಕೆಲವು ವರ್ಷ ಆ ಮನೆಯ ಮುಂದೆ ಹಾದುಹೋಗುವಾಗ ನಾನು ಹೆಜ್ಜೆ ಚುರುಕುಗೊಳಿಸುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಬಾವಿಯ ಪಂಪು ಸುಟ್ಟುಹೋಯಿತು. ರಿಪೇರಿಗೆ ಬಂದವನು ಅವನೇ. ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿದ್ದಾನೆ, ಇಬ್ಬರು ಹುಡುಗರು ಅವನಲ್ಲಿ ಕಲಿಯುತ್ತಿದ್ದಾರೆ. ನಾನು ಕ್ಷಮೆ ಕೇಳಬೇಕೆಂದಿದ್ದೆ, ಮಾತು ಹೊರಡಲಿಲ್ಲ. ಅವನು ತಾಮ್ರದ ತಂತಿಯನ್ನು ಎಣಿಸಿ ಸುತ್ತುತ್ತಿದ್ದ; ಎಣಿಕೆ ತಪ್ಪಬಾರದೆಂದು ಸುಮ್ಮನೆ ಕುಳಿತೆ. ಸಂಜೆ ನೀರು ಬಂತು. ಹೊರಡುವ ಮುನ್ನ ಬಿಳಿ ಬಣ್ಣದಲ್ಲಿ ಕುಂಚ ಅದ್ದಿ, ಮೋಟಾರಿನ ಪಕ್ಕದಲ್ಲಿ ತನ್ನ ಹೆಸರನ್ನೂ ಅಂದಿನ ತಾರೀಖನ್ನೂ ಬರೆದು ಹೋದ.