ಆ್ಯಪ್ ಕಾರ್ಖಾನೆಯ ಬೀಗದ ಕೈ

2019ರ ಜನವರಿ 30ರಂದು ಫೇಸ್‌ಬುಕ್ ನೌಕರರ ಐಫೋನ್‌ಗಳು ವಿಚಿತ್ರವಾಗಿ ವರ್ತಿಸತೊಡಗಿದವು. ಜನಸಾಮಾನ್ಯರು ಬಳಸುವ ಫೇಸ್‌ಬುಕ್ ಆ್ಯಪ್‌ಗೆ ಏನೂ ಆಗಿರಲಿಲ್ಲ. ಆದರೆ ಬಿಡುಗಡೆಗೆ ಮುಂಚೆ ಪರೀಕ್ಷೆಗೆಂದು ಕಂಪನಿಯೊಳಗೆ ಹಂಚಿದ್ದ ಆವೃತ್ತಿಗಳು ತೆರೆಯಲಿಲ್ಲ. ಊಟದ ಮೆನು ತೋರಿಸುವ ಆ್ಯಪ್, ಕಚೇರಿಗೆ ಓಡಾಡುವ ವಾಹನಗಳ ಆ್ಯಪ್ ಕೂಡ ತೆರೆಯಲಿಲ್ಲ. ಇದು ಹ್ಯಾಕರುಗಳ ಕೆಲಸವಲ್ಲ. ಬಳಕೆದಾರರ ಫೋನ್ ಚಟುವಟಿಕೆಯನ್ನು ಸಂಗ್ರಹಿಸುವ ‘ರಿಸರ್ಚ್’ ಎಂಬ ಆ್ಯಪನ್ನು ಫೇಸ್‌ಬುಕ್ ಹೊರಗಿನವರಿಗೆ ಹಂಚಿತ್ತು, ಅದೂ ನೌಕರರಿಗಷ್ಟೇ ಮೀಸಲಾದ ಎಂಟರ್‌ಪ್ರೈಸ್ ಸರ್ಟಿಫಿಕೇಟ್ ಬಳಸಿ. ಸಿಟ್ಟಿಗೆದ್ದ ಆ್ಯಪಲ್ ಆ ಸರ್ಟಿಫಿಕೇಟನ್ನೇ ರದ್ದು ಮಾಡಿತು, ಅದರ ಸಹಿ ಹೊತ್ತ ಆ್ಯಪ್‌ಗಳೆಲ್ಲ ನಿಂತವು. ಮರುದಿನ ಗೂಗಲ್‌ನ ಸರ್ಟಿಫಿಕೇಟಿಗೂ ಕೆಲಹೊತ್ತು ಇದೇ ಗತಿಯಾಯಿತು. ಜಗತ್ತಿನ ಅತಿ ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ಐಫೋನ್ ಪರೀಕ್ಷಾ ವ್ಯವಸ್ಥೆ ಒಂದೊಂದು ಡಿಜಿಟಲ್ ಸಹಿಯ ಮೇಲೆ ನಿಂತಿತ್ತು.

ಮೊಬೈಲ್ ಆ್ಯಪ್ ಕಟ್ಟಿ, ಪರೀಕ್ಷಿಸಿ, ಸ್ಟೋರಿಗೆ ತಲುಪಿಸುವ ವ್ಯವಸ್ಥೆಗೆ ಎಂಜಿನಿಯರುಗಳು ಬಿಲ್ಡ್ ಪೈಪ್‌ಲೈನ್ ಎನ್ನುತ್ತಾರೆ. ಇದರ ಚರಿತ್ರೆಯನ್ನು ಸಾಮಾನ್ಯವಾಗಿ ವೇಗದ ಕಥೆಯಾಗಿ ಹೇಳುವುದುಂಟು: ತಿಂಗಳಿಗೊಮ್ಮೆ ಆಗುತ್ತಿದ್ದ ರಿಲೀಸ್ ವಾರಕ್ಕೊಮ್ಮೆ ಆಯಿತು, ಕೈಯಿಂದ ಮಾಡುತ್ತಿದ್ದ ಟೆಸ್ಟಿಂಗನ್ನು ಯಂತ್ರ ವಹಿಸಿಕೊಂಡಿತು. ಅದು ಸುಳ್ಳಲ್ಲ. ಆದರೆ ಆ ಸಹಿ ಹಾಕುವ ಕೀ ಯಾವ ಕಾಲದಲ್ಲಿ ಯಾರ ಕೈಯಲ್ಲಿತ್ತು ಎಂದು ಹುಡುಕುತ್ತ ಹೋದರೆ ಇದೇ ಚರಿತ್ರೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಆ್ಯಪ್ ಸ್ಟೋರ್ ತೆರೆದದ್ದು 2008ರ ಜುಲೈ 10ರಂದು, 500 ಆ್ಯಪ್‌ಗಳೊಂದಿಗೆ. ಆ್ಯಂಡ್ರಾಯ್ಡ್ ಮಾರ್ಕೆಟ್ ಅದೇ ವರ್ಷ ಅಕ್ಟೋಬರಿನಲ್ಲಿ ಬಂತು. ಸರ್ವರ್ ಸಾಫ್ಟ್‌ವೇರ್ ಬರೆಯುವವರ ಲೋಕದಲ್ಲಿ ಅಷ್ಟರಲ್ಲಾಗಲೇ ‘ಕಂಟಿನ್ಯುವಸ್ ಇಂಟಿಗ್ರೇಶನ್’ ಬೇರೂರಿತ್ತು. ಯಾರೇ ಕೋಡ್ ಸೇರಿಸಿದರೂ ಒಂದು ಯಂತ್ರ ತಕ್ಷಣ ಅದನ್ನು ಕಟ್ಟಿ ಪರೀಕ್ಷಿಸಬೇಕು ಎಂಬುದು ಅದರ ತಿರುಳು. ಮಾರ್ಟಿನ್ ಫೌಲರ್ ಈ ಬಗ್ಗೆ 2000ದಲ್ಲೇ ಬರೆದಿದ್ದರು. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕವಾಗುಚಿ ಶುರುಮಾಡಿದ ‘ಹಡ್ಸನ್’ ಈ ಕೆಲಸಕ್ಕೆ ಮನೆಮಾತಾಗಿತ್ತು. ಸನ್ ಕಂಪನಿಯನ್ನು ಕೊಂಡ ಒರಾಕಲ್ ಜೊತೆ ಹೆಸರಿನ ಹಕ್ಕಿಗಾಗಿ ಜಗಳವಾಗಿ 2011ರಲ್ಲಿ ಅದು ‘ಜೆಂಕಿನ್ಸ್’ ಆಯಿತು.

ಮೊಬೈಲ್ ತಂಡಗಳಿಗೆ ಮಾತ್ರ ಈ ಸುಖ ಬೇಗ ಸಿಗಲಿಲ್ಲ. ಐಫೋನ್ ಆ್ಯಪ್ ಕಟ್ಟಲು ಆ್ಯಪಲ್‌ನದೇ ಸಲಕರಣೆ ಎಕ್ಸ್‌ಕೋಡ್ ಬೇಕು, ಎಕ್ಸ್‌ಕೋಡ್ ಓಡಲು ಮ್ಯಾಕ್ ಬೇಕು. ಡೇಟಾ ಸೆಂಟರಿನ ಲಿನಕ್ಸ್ ಸರ್ವರುಗಳ ಸಾಲಿನಲ್ಲಿ ಮ್ಯಾಕ್‌ಗೆ ಜಾಗವಿರಲಿಲ್ಲ. ಹಾಗಾಗಿ ಕಂಪನಿ ಎಷ್ಟೇ ದೊಡ್ಡದಿದ್ದರೂ ಅದರ ಐಫೋನ್ ಆ್ಯಪ್ ಹುಟ್ಟುತ್ತಿದ್ದದ್ದು ಯಾರದೋ ಮೇಜಿನ ಕೆಳಗಿದ್ದ ಮ್ಯಾಕ್ ಮಿನಿಯಲ್ಲಿ. ಅದರ ಲಾಗಿನ್ ಪಾಸ್‌ವರ್ಡ್ ತಂಡಕ್ಕೆಲ್ಲ ಗೊತ್ತು. ಸಹಿಯ ಖಾಸಗಿ ಕೀ, ಪಾಸ್‌ವರ್ಡ್ ಮತ್ತು ಕೀಗಳನ್ನು ಕಾಪಿಡುವ ಅದರ ಕೀಚೈನ್‌ನಲ್ಲೇ ಇರುತ್ತಿತ್ತು. ಆ ಕಾಲದ ಎಂಜಿನಿಯರುಗಳಿಗೆಲ್ಲ ನೆನಪಿರುವ ಕಿರಿಕಿರಿಯೊಂದಿದೆ. ರಾತ್ರಿ ಬಿಲ್ಡ್ ಹಚ್ಚಿ ಮನೆಗೆ ಹೋದರೆ, ‘ಈ ಕೀ ಬಳಸಲು ಅನುಮತಿ ಕೊಡುವಿರಾ?’ ಎಂದು ಕೀಚೈನ್ ಪರದೆಯ ಮೇಲೊಂದು ಕಿಟಕಿ ತೆರೆದು, ಯಾರಾದರೂ ಬಂದು ಒತ್ತಲೆಂದು ಬೆಳಗಿನ ತನಕ ಕಾಯುತ್ತಿತ್ತು. ಈ ಕಾಟ ತಪ್ಪಿಸಲು ಕೀಚೈನನ್ನು ಸದಾ ತೆರೆದಿಡುವ ಸ್ಕ್ರಿಪ್ಟುಗಳು ಕೈಯಿಂದ ಕೈಗೆ ದಾಟಿದವು. ಭದ್ರತೆ ಅಲ್ಲಿಂದಲೇ ಸಡಿಲವಾಯಿತು.

ಆ್ಯಂಡ್ರಾಯ್ಡ್‌ನ ಕಷ್ಟ ಬೇರೆ ಬಗೆಯದು. ಮೊದಲ ಆವೃತ್ತಿಗೆ ಯಾವ ಕೀಯಿಂದ ಸಹಿ ಹಾಕಿದ್ದಿರೋ ಮುಂದಿನ ಅಪ್‌ಡೇಟ್‌ಗಳಿಗೂ ಅದೇ ಕೀ ಬೇಕಿತ್ತು. ಕೀಸ್ಟೋರ್ ಫೈಲ್ ಇದ್ದ ಲ್ಯಾಪ್‌ಟಾಪ್ ಕೆಟ್ಟಿತೆಂದೋ, ಅದರ ಪಾಸ್‌ವರ್ಡ್ ತಿಳಿದವನು ಕೆಲಸ ಬಿಟ್ಟನೆಂದೋ ಕೀ ಕಳೆದರೆ ಆ ಆ್ಯಪ್ ಅಲ್ಲಿಗೆ ಅನಾಥ. ಹೊಸ ಪ್ಯಾಕೇಜ್ ಹೆಸರಿನಲ್ಲಿ ಮತ್ತೆ ಮೊದಲಿನಿಂದ ಶುರುಮಾಡಬೇಕಿತ್ತು. ಡೌನ್‌ಲೋಡ್ ಸಂಖ್ಯೆ, ರೇಟಿಂಗ್, ವಿಮರ್ಶೆ ಎಲ್ಲಕ್ಕೂ ಎಳ್ಳುನೀರು. ಈ ಭಯಕ್ಕೆ ಜನ ಕೀಸ್ಟೋರನ್ನು ಇಮೇಲ್‌ನಲ್ಲಿ, ಪೆನ್‌ಡ್ರೈವ್‌ನಲ್ಲಿ, ಕೊನೆಗೆ ಕೋಡ್ ಜೊತೆಯಲ್ಲೇ ಗಿಟ್‌ನಲ್ಲಿ ಇಟ್ಟುಕೊಂಡರು. ಕಳೆಯಬಾರದು ಎಂಬ ಆತಂಕದಲ್ಲಿ ಕದಿಯಬಾರದು ಎಂಬುದನ್ನು ಯಾರೂ ಯೋಚಿಸಲಿಲ್ಲ. ಕದ್ದರೆ ಏನಾಗುತ್ತದೆ ಎಂಬುದು 2022ರ ಡಿಸೆಂಬರಿನಲ್ಲಿ ಕಂಡಿತು. ಸ್ಯಾಮ್‌ಸಂಗ್, ಎಲ್‌ಜಿ, ಮೀಡಿಯಾಟೆಕ್‌ನಂಥ ಕಂಪನಿಗಳು ಫೋನಿನ ಮೂಲ ಸಾಫ್ಟ್‌ವೇರಿಗೆ ಹಾಕುವ ಸಹಿಗಳನ್ನೇ ಹೊತ್ತ ಮಾಲ್‌ವೇರ್ ಸಿಕ್ಕಿದೆ ಎಂದು ಗೂಗಲ್ ಬಹಿರಂಗಪಡಿಸಿತು.

ಮಧ್ಯದ ದಾರಿಯೊಂದನ್ನು ತೋರಿಸಿದವರು ಆಸ್ಟ್ರಿಯಾದ ಫೆಲಿಕ್ಸ್ ಕ್ರಾಸ್. 2014ರಲ್ಲಿ ಅವರು ಶುರುಮಾಡಿದ ‘ಫಾಸ್ಟ್‌ಲೇನ್’ ಸ್ಕ್ರೀನ್‌ಶಾಟ್ ತೆಗೆಯುವುದರಿಂದ ಹಿಡಿದು ಸ್ಟೋರಿಗೆ ಅಪ್‌ಲೋಡ್ ಮಾಡುವ ತನಕದ ಬೇಸರದ ಕೆಲಸಗಳನ್ನೆಲ್ಲ ಒಂದು ಕಮಾಂಡಿಗೆ ಇಳಿಸಿತು. ಅದರೊಳಗಿನ ‘ಮ್ಯಾಚ್’ ಸರ್ಟಿಫಿಕೇಟುಗಳನ್ನು ಎನ್‌ಕ್ರಿಪ್ಟ್ ಮಾಡಿ ಪ್ರತ್ಯೇಕ ಗಿಟ್ ಭಂಡಾರದಲ್ಲಿಟ್ಟು ಇಡೀ ತಂಡಕ್ಕೆ ಹಂಚುತ್ತದೆ. ಲ್ಯಾಪ್‌ಟಾಪಿನಲ್ಲಿ ಚದುರಿದ್ದ ಕೀಗಳು ಒಂದೆಡೆ ಸೇರಿದ್ದು ದೊಡ್ಡ ಸುಧಾರಣೆಯೇ. ಆದರೆ ಎಲ್ಲವನ್ನೂ ಬಿಚ್ಚುವ ಒಂದು ಪಾಸ್‌ವರ್ಡನ್ನು ಮತ್ತೆ ಎಲ್ಲಾದರೂ ಇಡಲೇಬೇಕಲ್ಲ?

ಟೆಸ್ಟಿಂಗ್ ಲೋಕ ಇದೇ ಹೊತ್ತಿನಲ್ಲಿ ಬೇರೆಯೇ ಗುದ್ದಾಟದಲ್ಲಿತ್ತು. ಗೂಗಲ್ 2013ರಲ್ಲಿ ‘ಎಸ್ಪ್ರೆಸೊ’ ಕೊಟ್ಟಿತು, ಆ್ಯಪಲ್ 2015ರಲ್ಲಿ ಎಕ್ಸ್‌ಕೋಡ್ 7ರ ಜೊತೆ ಯುಐ ಟೆಸ್ಟಿಂಗ್ ತಂದಿತು, ಎರಡೂ ಬಗೆಯ ಫೋನುಗಳನ್ನು ಒಂದೇ ಸ್ಕ್ರಿಪ್ಟಿನಿಂದ ಆಡಿಸುವ ‘ಆ್ಯಪಿಯಂ’ ಡ್ಯಾನ್ ಕ್ವೆಲರ್ ಅವರ ಪ್ರಯೋಗದಿಂದ ಬೆಳೆಯಿತು. ಸಲಕರಣೆ ಬಂದ ಮೇಲೆ ಯಾವ ಫೋನಿನ ಮೇಲೆ ಓಡಿಸುವುದು ಎಂಬ ಪ್ರಶ್ನೆ ಎದ್ದಿತು. ಇದಕ್ಕೆ ಫೇಸ್‌ಬುಕ್ ಕೊಟ್ಟ ಉತ್ತರ ನೋಡುವಂಥದ್ದು. ಆರೆಗಾನ್ ರಾಜ್ಯದ ಪ್ರೈನ್‌ವಿಲ್‌ನಲ್ಲಿರುವ ತನ್ನ ಡೇಟಾ ಸೆಂಟರಿನಲ್ಲಿ ಅದು ಫೋನುಗಳಿಗೆಂದೇ ಸುಮಾರು 60 ರ‍್ಯಾಕ್‌ಗಳನ್ನು ಕಟ್ಟಿಸಿ 2016ರಲ್ಲಿ ಜಗತ್ತಿಗೆ ತೋರಿಸಿತು. ಒಂದೊಂದರಲ್ಲಿ 32 ಫೋನು. ಐಫೋನ್ ರ‍್ಯಾಕ್ ಆದರೆ ಅವನ್ನು ನಡೆಸಲು ಎಂಟು ಮ್ಯಾಕ್ ಮಿನಿಗಳು. ಪಕ್ಕದ ರ‍್ಯಾಕಿನ ವೈಫೈ ಸಿಗ್ನಲ್ ಒಳನುಗ್ಗದಂತೆ ಪ್ರತಿ ರ‍್ಯಾಕಿಗೂ ಲೋಹದ ಕವಚ. ಹೊಸ ಕೋಡ್ ಬಂದಾಗೆಲ್ಲ ಆ್ಯಪ್ ನಿಧಾನವಾಯಿತೇ, ಬ್ಯಾಟರಿ ಹೆಚ್ಚು ಕುಡಿಯಿತೇ ಎಂದು ಈ ಸುಮಾರು ಎರಡು ಸಾವಿರ ಫೋನುಗಳು ವರದಿ ಒಪ್ಪಿಸುತ್ತಿದ್ದವು.

ಎಲ್ಲರೂ ಫೇಸ್‌ಬುಕ್ ಅಲ್ಲ. ಉಳಿದವರು ಫೋನುಗಳನ್ನು ಬಾಡಿಗೆಗೆ ಹಿಡಿದರು: ಅಮೆಜಾನ್‌ನ ಡಿವೈಸ್ ಫಾರ್ಮ್, ಗೂಗಲ್‌ನ ಟೆಸ್ಟ್ ಲ್ಯಾಬ್, ಮುಂಬೈಯಲ್ಲಿ 2011ರಲ್ಲಿ ಶುರುವಾದ ಬ್ರೌಸರ್‌ಸ್ಟ್ಯಾಕ್. ಫೋನಿನ ಸಮಸ್ಯೆ ಹೀಗೆ ಬಗೆಹರಿಯಿತು. ಒಮ್ಮೆ ಪಾಸಾಗಿ, ಒಮ್ಮೆ ಫೇಲಾಗುವ ‘ಫ್ಲೇಕಿ’ ಟೆಸ್ಟುಗಳ ಸಮಸ್ಯೆ ಮಾತ್ರ ಇವತ್ತಿಗೂ ಬಗೆಹರಿದಿಲ್ಲ. ತನ್ನ ಟೆಸ್ಟುಗಳಲ್ಲಿ ಸುಮಾರು ಶೇ 16ರಷ್ಟಕ್ಕೆ ಈ ಚಾಳಿ ಒಂದಲ್ಲ ಒಂದು ಮಟ್ಟದಲ್ಲಿದೆ ಎಂದು ಗೂಗಲ್ 2016ರಲ್ಲಿ ಒಪ್ಪಿಕೊಂಡಿತ್ತು. ಇದನ್ನು ಬರಿಯ ಗುಣಮಟ್ಟದ ಪ್ರಶ್ನೆ ಎಂದು ತಳ್ಳಿಹಾಕುವವರಿದ್ದಾರೆ. ಕೆಂಪು ದೀಪ ಕಂಡಾಗೆಲ್ಲ ‘ಇನ್ನೊಂದು ಸಲ ಓಡಿಸಿ’ ಎನ್ನುವ ತಂಡ ಭದ್ರತಾ ಪರೀಕ್ಷೆಯ ಕೆಂಪು ದೀಪವನ್ನೂ ಹಾಗೆಯೇ ದಾಟುತ್ತದೆ ಎಂಬುದನ್ನು ಅವರು ಮರೆಯುತ್ತಾರೆ.

ಪೈಪ್‌ಲೈನೇ ದಾಳಿಯ ದಾರಿಯಾಗಬಲ್ಲದು ಎಂದು ಮೊಬೈಲ್ ಲೋಕಕ್ಕೆ ಮೊದಲು ಮನವರಿಕೆಯಾದದ್ದು 2015ರ ಸೆಪ್ಟೆಂಬರಿನಲ್ಲಿ. ಹಲವು ಜಿಬಿ ಗಾತ್ರದ ಎಕ್ಸ್‌ಕೋಡನ್ನು ಆ್ಯಪಲ್ ಸರ್ವರಿನಿಂದ ಇಳಿಸಿಕೊಳ್ಳುವುದು ಚೀನಾದಲ್ಲಿ ತೀರಾ ನಿಧಾನವಾಗಿತ್ತು. ಹಾಗಾಗಿ ಅಲ್ಲಿನ ಅನೇಕರು ಬೈದು ಕಂಪನಿಯ ಫೈಲ್ ಹಂಚಿಕೆ ತಾಣದಲ್ಲಿದ್ದ ಪ್ರತಿಗಳನ್ನು ಇಳಿಸಿಕೊಂಡರು. ಅವುಗಳಲ್ಲಿ ಕೆಲವಕ್ಕೆ ಯಾರೋ ಕೈಹಾಕಿದ್ದರು. ಆ ಎಕ್ಸ್‌ಕೋಡಿನಲ್ಲಿ ಕಟ್ಟಿದ ಆ್ಯಪ್‌ಗಳಿಗೆಲ್ಲ, ಬರೆದವರಿಗೇ ತಿಳಿಯದಂತೆ, ಕಳ್ಳ ಕೋಡ್ ಸೇರಿಕೊಂಡಿತು. ಸೋರ್ಸ್ ಕೋಡ್ ಶುದ್ಧ, ಸಹಿ ಅಸಲಿ, ಆ್ಯಪಲ್ ಪರಿಶೀಲನೆಯಲ್ಲೂ ಪಾಸು. ಸಿಕ್ಕಿಬಿದ್ದವುಗಳಲ್ಲಿ ವೀಚಾಟ್‌ನ ಒಂದು ಆವೃತ್ತಿಯೂ ಇತ್ತು. ‘ಎಕ್ಸ್‌ಕೋಡ್‌ಘೋಸ್ಟ್’ ಎಂದು ಹೆಸರಾದ ಈ ಸೋಂಕು ಎಷ್ಟು ಹಬ್ಬಿತ್ತೆಂದು ಹೊರಗೆ ತಿಳಿದದ್ದು ಆರು ವರ್ಷಗಳ ನಂತರ: ಎಪಿಕ್ ಗೇಮ್ಸ್ ಹೂಡಿದ ಮೊಕದ್ದಮೆಯಲ್ಲಿ ಹೊರಬಿದ್ದ ಆ್ಯಪಲ್‌ನ ಒಳಗಿನ ಇಮೇಲ್‌ಗಳ ಪ್ರಕಾರ ಸೋಂಕಿತ ಆ್ಯಪ್‌ಗಳನ್ನು ಇಳಿಸಿಕೊಂಡವರು 12.8 ಕೋಟಿ ಜನ.

ಬಿಲ್ಡ್ ಸರ್ವರುಗಳು ಮೇಜಿನ ಕೆಳಗಿಂದ ಕ್ಲೌಡಿಗೆ ಹೋದವು. ಟ್ರಾವಿಸ್, ಸರ್ಕಲ್‌ಸಿಐ, ಬುಡಾಪೆಸ್ಟ್‌ನ ಬಿಟ್‌ರೈಸ್, ಆಮೇಲೆ ಗಿಟ್‌ಹಬ್ ಆ್ಯಕ್ಷನ್ಸ್. ಕೀಗಳೂ ಹಿಂದೆಯೇ ಹೋಗಿ ಆ ಸೇವೆಗಳ ‘ಸೀಕ್ರೆಟ್ಸ್’ ಪಟ್ಟಿಯಲ್ಲಿ ಕೂತವು. ಬಿಲ್ಡ್ ಓಡುವಾಗ ಅವು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಾಗಿ ಇಳಿಯುತ್ತವೆ. ಆ ಹೊತ್ತಿನಲ್ಲಿ ಅಲ್ಲಿ ಓಡುವ ಯಾವ ಸ್ಕ್ರಿಪ್ಟಾದರೂ ಅವನ್ನು ಓದಬಹುದು. 2021ರಲ್ಲಿ ಆದದ್ದು ಇದೇ. ಟೆಸ್ಟುಗಳು ಕೋಡಿನ ಎಷ್ಟು ಭಾಗವನ್ನು ಮುಟ್ಟುತ್ತವೆ ಎಂದು ಅಳೆಯುವ ‘ಕೋಡ್‌ಕವ್’ ಎಂಬ ಸೇವೆಯ ಅಪ್‌ಲೋಡ್ ಸ್ಕ್ರಿಪ್ಟಿಗೆ ದಾಳಿಕೋರರು ಜನವರಿ 31ರಿಂದ ಒಂದು ಸಾಲು ಸೇರಿಸಿದ್ದರು. ಎಲ್ಲ ವೇರಿಯಬಲ್‌ಗಳನ್ನೂ ತಮ್ಮ ಸರ್ವರಿಗೆ ಕಳಿಸು ಎನ್ನುವ ಸಾಲು, ಅಷ್ಟೇ. ಎರಡು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಏಪ್ರಿಲ್ 1ರಂದು ಒಬ್ಬ ಗ್ರಾಹಕ ತಾನು ಇಳಿಸಿಕೊಂಡ ಫೈಲಿನ ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ), ಪ್ರಕಟಿಸಿದ ಚೆಕ್‌ಸಮ್‌ಗೆ ತಾಳೆಯಾಗುತ್ತಿಲ್ಲವೆಂದು ಗಮನಿಸಿದ್ದರಿಂದ ಬಯಲಾಯಿತು. ಆ ಸ್ಕ್ರಿಪ್ಟನ್ನು ಬಳಸುತ್ತಿದ್ದ ಉಳಿದ ಸಾವಿರಾರು ಜನ ಚೆಕ್‌ಸಮ್ ನೋಡಿಯೇ ಇರಲಿಲ್ಲವೋ ಏನೋ.

ಆಮೇಲಿನ ದಾಳಿಗಳೂ ಇದೇ ಜಾತಿಯವು. 2023ರ ಜನವರಿ 4ರಂದು ಸರ್ಕಲ್‌ಸಿಐ ತನ್ನ ಗ್ರಾಹಕರಿಗೆಲ್ಲ, ನಮ್ಮಲ್ಲಿಟ್ಟಿರುವ ಎಲ್ಲ ಸೀಕ್ರೆಟ್‌ಗಳನ್ನೂ ಕೂಡಲೇ ಬದಲಿಸಿ ಎಂದು ಹೇಳಬೇಕಾಯಿತು. ಅಲ್ಲಿನ ಒಬ್ಬ ಎಂಜಿನಿಯರನ ಲ್ಯಾಪ್‌ಟಾಪಿಗೆ ಮಾಲ್‌ವೇರ್ ಹೊಕ್ಕಿತ್ತು. 2025ರ ಮಾರ್ಚ್‌ನಲ್ಲಿ 23,000ಕ್ಕೂ ಹೆಚ್ಚು ಕೋಡ್ ಭಂಡಾರಗಳು ಬಳಸುತ್ತಿದ್ದ ಒಂದು ಗಿಟ್‌ಹಬ್ ಆ್ಯಕ್ಷನ್ನಿನ ಹಳೆಯ ಟ್ಯಾಗುಗಳನ್ನು ದಾಳಿಕೋರರು ಕಳ್ಳ ಕಮಿಟ್‌ಗೆ ತಿರುಗಿಸಿ, ಸೀಕ್ರೆಟ್‌ಗಳು ಬಿಲ್ಡ್ ಲಾಗ್‌ನಲ್ಲೇ ಅಚ್ಚಾಗುವಂತೆ ಮಾಡಿದರು.

ಭಾರತದ ಉದಾಹರಣೆ ಇನ್ನೂ ನೇರ. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಸಂಸ್ಥೆ ರ‍್ಯಾನ್ಸಮ್‌ವೇರ್‌ಗೆ ಸಿಕ್ಕಿತು. ಮುನ್ನೆಚ್ಚರಿಕೆಯಾಗಿ, ಪಾವತಿ ಜಾಲ ನಡೆಸುವ ಎನ್‌ಪಿಸಿಐ ಅದರ ಸಂಪರ್ಕ ಕಡಿದ ಕಾರಣ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಸೇರಿ ಹಣ ಪಾವತಿ ನಿಂತಿತು. ದಾಳಿಯ ಜಾಡು ಹಿಡಿದ ಬೆಂಗಳೂರಿನ ಕ್ಲೌಡ್‌ಸೆಕ್ ಕಂಪನಿ, ಅದು ಶುರುವಾದದ್ದು ಸಿ-ಎಡ್ಜ್ ಜೊತೆ ಕೆಲಸ ಮಾಡುವ ಮತ್ತೊಂದು ಕಂಪನಿಯ ಜೆಂಕಿನ್ಸ್ ಸರ್ವರಿನಿಂದ ಎಂದು ವರದಿ ಮಾಡಿತು. ಆ ಜೆಂಕಿನ್ಸ್ ದೋಷಕ್ಕೆ ಜನವರಿಯಲ್ಲೇ ತಿದ್ದುಪಡಿ ಬಂದಿತ್ತು. ಬಿಲ್ಡ್ ಸರ್ವರನ್ನು ಅಪ್‌ಡೇಟ್ ಮಾಡುವ ಹೊಣೆ ಯಾರದು ಎಂದು ಕೇಳಿದರೆ ಎಷ್ಟೋ ಕಂಪನಿಗಳಲ್ಲಿ ಆ್ಯಪ್ ತಂಡ ಐಟಿ ವಿಭಾಗದ ಕಡೆಗೂ, ಐಟಿ ವಿಭಾಗ ಆ್ಯಪ್ ತಂಡದ ಕಡೆಗೂ ಬೊಟ್ಟು ಮಾಡುತ್ತವೆ.

ಇಷ್ಟೆಲ್ಲ ಪೆಟ್ಟು ತಿಂದ ಮೇಲೆ ಬಂದ ಪರಿಹಾರಗಳ ದಿಕ್ಕು ಒಂದೇ: ಕೀಯನ್ನು ಭದ್ರವಾಗಿ ಇಡುವುದಕ್ಕಿಂತ, ಇಡಲು ಏನೂ ಇಲ್ಲದಂತೆ ಮಾಡುವುದು. 2017ರಲ್ಲಿ ಬಂದ ಪ್ಲೇ ಆ್ಯಪ್ ಸೈನಿಂಗ್‌ನಲ್ಲಿ ಅಸಲಿ ಕೀ ಗೂಗಲ್ ಬಳಿಯೇ ಇರುತ್ತದೆ. ಕಂಪನಿಯ ಕೈಯಲ್ಲಿರುವುದು ಅಪ್‌ಲೋಡ್ ಕೀ ಮಾತ್ರ. ಅದು ಕಳೆದರೆ ಬದಲಿಸಿಕೊಳ್ಳಬಹುದು. 2021ರ ಆಗಸ್ಟ್‌ನಿಂದ ಹೊಸ ಆ್ಯಪ್‌ಗಳಿಗೆ ಇದು ಕಡ್ಡಾಯವಾಯಿತು. ಕೀ ಒಪ್ಪಿಸುವುದೆಂದರೆ ಗೂಗಲ್‌ಗೆ ಪೂರ್ತಿ ಶರಣಾದಂತೆ ಎಂದು ಗೊಣಗಿದವರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆ್ಯಪಲ್ ಕಡೆ 2018ರಲ್ಲಿ ಪ್ರಕಟವಾದ ಆ್ಯಪ್ ಸ್ಟೋರ್ ಕನೆಕ್ಟ್ ಎಪಿಐ ಬಂದ ಮೇಲೆ ಯಾರದೋ ಆ್ಯಪಲ್ ಐಡಿ, ಪಾಸ್‌ವರ್ಡನ್ನು ಬಿಲ್ಡ್ ಸರ್ವರಿನಲ್ಲಿಡುವ ಅಗತ್ಯ ತಪ್ಪಿತು. 2021ರಿಂದ ಗಿಟ್‌ಹಬ್ ಆ್ಯಕ್ಷನ್ಸ್, ಓಐಡಿಸಿ ಎಂಬ ವಿಧಾನದಲ್ಲಿ ಕ್ಲೌಡ್ ಸೇವೆಗಳಿಂದ ಆಯಾ ಬಿಲ್ಡಿಗಷ್ಟೇ ಟೋಕನ್ ಪಡೆಯಬಲ್ಲದು. ಕೆಲಹೊತ್ತಿಗೆ ಅದರ ಅವಧಿ ಮುಗಿಯುವುದರಿಂದ ಕದ್ದವರಿಗೆ ಹೆಚ್ಚು ಉಪಯೋಗವಿಲ್ಲ.

ಯಂತ್ರವೂ ಹಾಗೆಯೇ, ಪ್ರತಿ ಬಿಲ್ಡಿಗೆ ಹೊಸದಾಗಿ ಹುಟ್ಟಿ ಕೆಲಸ ಮುಗಿದೊಡನೆ ಅಳಿಸಿಹೋಗುವ ವರ್ಚುವಲ್ ಮಷೀನ್ ಆಗಬೇಕು ಎಂಬುದು ಈಗಿನ ರೂಢಿ. ಇಲ್ಲಿ ಮ್ಯಾಕ್ ಮತ್ತೆ ಅಡ್ಡ ಬರುತ್ತದೆ. ಅಮೆಜಾನ್ 2020ರ ನವೆಂಬರಿನಲ್ಲಿ ಕ್ಲೌಡ್ ಮ್ಯಾಕ್‌ಗಳನ್ನು ಕೊಡಲು ಶುರುಮಾಡಿತಾದರೂ, ಆ್ಯಪಲ್ ಪರವಾನಗಿಯ ನಿಯಮದಿಂದಾಗಿ ಕನಿಷ್ಠ 24 ಗಂಟೆಗೆ ಬಾಡಿಗೆ ಕೊಡಲೇಬೇಕು. ಹತ್ತು ನಿಮಿಷದ ಬಿಲ್ಡಿಗೆ ಒಂದು ದಿನದ ಬಾಡಿಗೆ ಎಂದಾಗ ಲೆಕ್ಕಪತ್ರ ವಿಭಾಗ ಹುಬ್ಬೇರಿಸುತ್ತದೆ. ಅದೇ ಯಂತ್ರವನ್ನು ದಿನವಿಡೀ ಹಲವು ತಂಡಗಳು ಹಂಚಿಕೊಂಡರೆ ಒಬ್ಬರ ಬಿಲ್ಡಿನ ಕಸ ಇನ್ನೊಬ್ಬರ ಬಿಲ್ಡಿಗೆ ಸೇರುವ ಅಪಾಯ ಮತ್ತೆ ಶುರು.

ನಿಯಂತ್ರಕರೂ ಬಾಗಿಲು ತಟ್ಟಿದ್ದಾರೆ. ರಿಸರ್ವ್ ಬ್ಯಾಂಕ್ 2021ರ ಫೆಬ್ರುವರಿ 18ರಂದು ಹೊರಡಿಸಿದ ಡಿಜಿಟಲ್ ಪಾವತಿ ಭದ್ರತೆಯ ನಿರ್ದೇಶನ, ಚಾಲ್ತಿಯಲ್ಲಿರುವ ಆ್ಯಪ್ ಆವೃತ್ತಿಯ ಚೆಕ್‌ಸಮ್ಮನ್ನು ಬಳಕೆದಾರರು ತಾಳೆ ನೋಡುವಂತೆ ಸಾರ್ವಜನಿಕವಾಗಿ ಇಡಬೇಕು ಎನ್ನುತ್ತದೆ. ಸಾಫ್ಟ್‌ವೇರಿನ ಬಿಡಿಭಾಗಗಳ ಪಟ್ಟಿ, ಅಂದರೆ ಎಸ್‌ಬಿಓಎಂ ಬಗ್ಗೆ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಕೊಟ್ಟಿತು. ಬ್ಯಾಂಕುಗಳಿಗೆ ಆ್ಯಪ್ ಕಟ್ಟುವವರು ಈ ಪಟ್ಟಿಯನ್ನು ಪ್ರತಿ ರಿಲೀಸಿಗೂ ಕೈಯಿಂದ ಬರೆಯಲಾಗದು, ಪೈಪ್‌ಲೈನೇ ತೆಗೆದುಕೊಡಬೇಕು.

ಹಳೆಯ ಪೈಪ್‌ಲೈನ್ ಬದಲಿಸುವುದನ್ನು ಎಷ್ಟು ದಿನ ಮುಂದೂಡಿದರೂ ಒಂದು ದಿನ ಹೊರಗಿನ ಗಡುವು ಬಂದೇ ಬರುತ್ತದೆ. ಮೈಕ್ರೋಸಾಫ್ಟ್, ಆ್ಯಪ್ ಕಟ್ಟಿ ಪರೀಕ್ಷಿಸುವ ತನ್ನ ‘ಆ್ಯಪ್ ಸೆಂಟರ್’ ಸೇವೆಯನ್ನು 2025ರ ಮಾರ್ಚ್ 31ಕ್ಕೆ ಮುಚ್ಚಿತು. ಐಫೋನ್ ಆ್ಯಪ್‌ಗಳು ಹೊರಗಿನ ಕೋಡ್ ತರಿಸಿಕೊಳ್ಳುವ ‘ಕೊಕೊಪಾಡ್ಸ್’ ಈಗ ಆ ಹಾದಿಯಲ್ಲಿದೆ. ಯಾರ ಒಡೆತನಕ್ಕೂ ಸೇರದೆ ಸುಮಾರು ಹತ್ತು ವರ್ಷ ಬಿದ್ದಿದ್ದ 1,866 ಪ್ಯಾಕೇಜುಗಳನ್ನು ಯಾರು ಬೇಕಾದರೂ ತಮ್ಮದೆಂದು ಹಿಡಿಯಬಹುದಿತ್ತು ಎಂದು 2024ರಲ್ಲಿ ಸಂಶೋಧಕರು ತೋರಿಸಿದ್ದು ಇದರ ವಿಷಯದಲ್ಲೇ; ಆ ದೋಷವನ್ನು ಅದರ ಹಿಂದಿನ ವರ್ಷವೇ ಮುಚ್ಚಲಾಗಿತ್ತು. 2026ರ ಡಿಸೆಂಬರ್ 2ರಿಂದ ಅದರ ಭಂಡಾರ ಓದಲು ಮಾತ್ರ ತೆರೆದಿರುತ್ತದೆ. ಹೊಸ ಆವೃತ್ತಿಗಳು, ಭದ್ರತಾ ತಿದ್ದುಪಡಿಗಳು ಅಲ್ಲಿಗೆ ಬರುವುದಿಲ್ಲ. ಅಷ್ಟರೊಳಗೆ ಆ್ಯಪಲ್‌ನ ಸ್ವಿಫ್ಟ್ ಪ್ಯಾಕೇಜ್ ಮ್ಯಾನೇಜರ್‌ಗೆ ಸಾಗುವ ತಂಡಗಳು ಹೇಗೂ ಬಿಲ್ಡ್ ಸ್ಕ್ರಿಪ್ಟುಗಳನ್ನು ಒಂದೊಂದಾಗಿ ತೆರೆದು ನೋಡಲೇಬೇಕು. ಬಹಳ ಕಡೆ ಹಳೆಯ ಪಾಸ್‌ವರ್ಡುಗಳು, ಕೆಲಸ ಬಿಟ್ಟವರ ಹೆಸರಿನ ಟೋಕನ್‌ಗಳು, ಎಂದೋ ತೆರೆದಿಟ್ಟ ಕೀಚೈನ್‌ಗಳು ಇರುವುದೂ ಅದೇ ಸ್ಕ್ರಿಪ್ಟುಗಳಲ್ಲಿ.