ಚಿನ್ನವೇ ಒರೆಗಲ್ಲಾದಾಗ

ಬಸವಕಲ್ಯಾಣದ ಪೇಟೆಯಲ್ಲಿ ಪತ್ತಾರರ ಅಂಗಡಿ ಕಂಡಾಗಲೆಲ್ಲ ನನ್ನ ಕಣ್ಣು ಒರೆಗಲ್ಲನ್ನು ಹುಡುಕುತ್ತದೆ. ಒಡವೆಯನ್ನು ಕಲ್ಲಿಗೆ ತಿಕ್ಕಿ, ಮೂಡಿದ ಗೆರೆಯ ಬಣ್ಣ ನೋಡಿ ಚಿನ್ನದ ಗುಣ ಹೇಳುವುದು ಹಳೆಯ ವಿದ್ಯೆ. ಇದೇ ಊರಿನಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲೂ ರತ್ನಗಳ ಬಣ್ಣ, ಗುಣ, ದೋಷಗಳ ಮಾತು ಬರುತ್ತದೆ. ಅಲ್ಲೆಲ್ಲ ಚಿನ್ನ, ರತ್ನಗಳು ಪರೀಕ್ಷೆಗೆ ಒಳಗಾಗುವ ವಸ್ತುಗಳು. ಚಿನ್ನವೇ ಪರೀಕ್ಷಕನಾಗಿ ಡಿಎನ್‌ಎಯನ್ನು ಒರೆಗೆ ಹಚ್ಚಿದ ಕಥೆ ತೀರ ಈಚಿನದು.

ಅದರ ಸುಳಿವು ಮಾತ್ರ ಹಳೆಯದು. 1857ರಲ್ಲಿ ಲಂಡನ್ನಿನ ಮೈಕೆಲ್ ಫ್ಯಾರಡೆ ಚಿನ್ನದ ಲವಣದ ದ್ರಾವಣವನ್ನು ರಂಜಕದೊಂದಿಗೆ ಬೆರೆಸಿ ಮಾಣಿಕ್ಯದಂಥ ಕೆಂಪು ದ್ರವ ಪಡೆದ. ಅದರಲ್ಲಿದ್ದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು. ಉಪ್ಪು ಬಿದ್ದರೆ ಆ ಕೆಂಪು ನೀಲಿಗೆ ತಿರುಗುವುದನ್ನೂ ಅವನು ಗಮನಿಸಿದ್ದ.

ಕಾರಣ ಸರಳ. ಕಣಗಳು ದೂರ ದೂರ ಇದ್ದರೆ ದ್ರವ ಕೆಂಪು. ಒಂದಕ್ಕೊಂದು ಅಂಟಿ ಗುಂಪಾದರೆ ನೀಲಿ ಅಥವಾ ನೇರಳೆ. ಹಾಗಾದರೆ ಡಿಎನ್‌ಎಯಿಂದಲೇ ಅವನ್ನು ಗುಂಪು ಕಟ್ಟಿಸಿದರೆ? ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಚಾಡ್ ಮಿರ್ಕಿನ್, ರಾಬರ್ಟ್ ಲೆಟ್ಸಿಂಗರ್ ಮತ್ತು ಸಂಗಡಿಗರು 1996ರಲ್ಲಿ ಮಾಡಿದ್ದು ಇದನ್ನೇ. ಸುಮಾರು 13 ನ್ಯಾನೋಮೀಟರ್ ಅಗಲದ ಕಣಗಳು (ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೋಮೀಟರ್!). ಅವುಗಳಿಗೆ ಗಂಧಕದ ಕೊಂಡಿಯಿಂದ ಡಿಎನ್‌ಎಯ ಚಿಕ್ಕ ಎಳೆಗಳನ್ನು ಕಟ್ಟಿದರು. ಹುಡುಕುವ ಡಿಎನ್‌ಎ ಬಂದಾಗ ಅದರ ಒಂದು ತುದಿ ಒಂದು ಕಣದ ಎಳೆಗೂ ಇನ್ನೊಂದು ತುದಿ ಮತ್ತೊಂದು ಕಣದ ಎಳೆಗೂ ಜೋಡಿಯಾಗುತ್ತದೆ. ಸೇತುವೆ ಕಟ್ಟಿದಂತೆ ಕಣಗಳೆಲ್ಲ ಹತ್ತಿರ ಬಂದು ಬಣ್ಣ ಬದಲಾಗುತ್ತದೆ. ಬಿಸಿ ಮಾಡಿದರೆ ಜೋಡಿ ಬಿಚ್ಚಿ ಮತ್ತೆ ಕೆಂಪು. ಒಂದೇ ಒಂದು ಅಕ್ಷರ ತಪ್ಪಿದ್ದರೂ ಜೋಡಿ ಬೇರೆ ಉಷ್ಣತೆಯಲ್ಲಿ ಬಿಚ್ಚುತ್ತದೆ. 1997ರಲ್ಲಿ ಆ ದ್ರವದ ಹನಿಯನ್ನು ಬಿಳಿ ತಟ್ಟೆಯ ಮೇಲಿಟ್ಟು ಬರಿಗಣ್ಣಿನಿಂದಲೇ ಫಲಿತಾಂಶ ಓದಿದರು. ನನ್ನ ಮಟ್ಟಿಗೆ ಅದು ಒರೆಗಲ್ಲಿನ ಗೆರೆಯ ಖಾಸಾ ತಮ್ಮ.

2006ರಲ್ಲಿ ಪೋರ್ಚುಗಲ್ಲಿನ ಸಂಶೋಧಕರು ಕ್ಷಯದ ರೋಗಾಣುವನ್ನು ಪತ್ತೆ ಮಾಡಲು ಫ್ಯಾರಡೆಯ ಉಪ್ಪನ್ನೇ ಬಳಸಿದರು. ಅಲ್ಲಿ ಲೆಕ್ಕ ತಿರುಗಿತು: ಉಪ್ಪು ಹಾಕಿದ ಮೇಲೂ ಕೆಂಪು ಉಳಿದರೆ ರೋಗಾಣುವಿದೆ, ನೀಲಿಯಾದರೆ ಇಲ್ಲ.

ಹುಮನಾಬಾದಿನ ಕಡೆಯ ಹಳ್ಳಿಯವರಿಗೆ ಇದು ಬರಿಯ ಬಣ್ಣದ ಆಟವಲ್ಲ. ಕಫದ ಪರೀಕ್ಷೆಗೆಂದು ದೊಡ್ಡ ಊರಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು. ಫಲಿತಾಂಶ ತಡವಾದಷ್ಟು ದಿನ ಮನೆಯ ಮಕ್ಕಳೂ ಅದೇ ಕೆಮ್ಮಿನ ಗಾಳಿಯಲ್ಲಿ ಮಲಗಬೇಕು. ಆದರೆ ಮಾದರಿಯಲ್ಲಿರುವ ಡಿಎನ್‌ಎ ಬಹಳ ಕಡಿಮೆ, ಮೊದಲು ಅದನ್ನು ಹೆಚ್ಚಿಸಿಕೊಳ್ಳಬೇಕು. ಅದಕ್ಕೆ ಯಂತ್ರ ಬೇಕೇ ಬೇಕು. ಕ್ಷಯದ ಪರೀಕ್ಷೆಯಲ್ಲಿ ಕೊನೆಗೆ ಗೆದ್ದದ್ದು ಆ ಯಂತ್ರಗಳೇ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿದ, ಬ್ಯಾಟರಿಯಿಂದ ನಡೆಯುವ ‘ಟ್ರೂನ್ಯಾಟ್’ ಅವುಗಳಲ್ಲೊಂದು. ಡಿಎನ್‌ಎಯನ್ನು ಹೆಚ್ಚಿಸುವುದೂ ಅದೇ, ಸೂಸುವ ಬೆಳಕನ್ನು ಓದುವುದೂ ಅದೇ. ಚಿನ್ನದ ಕಣಗಳು ಬೇರೆ ದಾರಿ ಹಿಡಿದವು. ಬಸಿರಿನ ಪರೀಕ್ಷೆಯ ಪಟ್ಟಿಯಲ್ಲಿ ಮೂಡುವ ಕೆಂಪು ಗೆರೆಯಲ್ಲಿ ಸಾಮಾನ್ಯವಾಗಿ ಇರುವುದು ಅವೇ. ಅಲ್ಲಿ ಅವು ಗುರುತಿಸುವುದು ಡಿಎನ್‌ಎಯನ್ನಲ್ಲ, ಹಾರ್ಮೋನನ್ನು. ಹುಮನಾಬಾದಿನ ಔಷಧದಂಗಡಿಯಲ್ಲಿ ಆ ಪಟ್ಟಿ ಕೊಳ್ಳುವವರಿಗೆ, ತಮ್ಮ ಕೈಯಲ್ಲಿರುವುದು ಫ್ಯಾರಡೆಯ ಕೆಂಪು ಚಿನ್ನವೆಂದು ಯಾರೂ ಹೇಳಿರುವುದಿಲ್ಲ.